ಅಮ್ಮನ ಬೆನ್ನ ಹಿಂದೆ

ಹಾರೆ ಮತ್ತೆ ಬರೀ ಮಣ್ಣಿಗೇ ತಾಗಿತು. ಬೆಳಗಿನಿಂದ ಜಲ್ಲಿಪಾಳ್ಯದ ಗಂಡಸರೆಲ್ಲ ಕೆಲಸಕ್ಕೆ ಚಕ್ಕರ್ ಹೊಡೆದು ಹಳಿಯ ಪಕ್ಕ ಅಗೆಯುತ್ತಿದ್ದರು. ಹುಡುಕುತ್ತಿದ್ದದ್ದು ನಿಧಿಯನ್ನಲ್ಲ, ರೈಲ್ವೆಯವರು ಯಾವ ಕಾಲದಲ್ಲೋ ನೆಟ್ಟ ಒಂದು ಗಡಿಕಲ್ಲನ್ನು. ಮುದುಕಿ ಮರೆವ್ವ ಪ್ರತಿ ಗುಂಡಿಯನ್ನೂ ಬಗ್ಗಿ ನೋಡುತ್ತಿದ್ದಳು.

ವೈಟ್‌ಫೀಲ್ಡಿನಾಚೆ ಇನ್ನೆರಡು ಹಳಿ ಬರುವುದಿತ್ತು. ರೈಲ್ವೆಯಿಂದ ಸರ್ವೆ ಮಾಡಲು ಬಂದ ರುದ್ರೇಶ್ ಒಳ್ಳೆಯ ಮನುಷ್ಯ. ಹಿಂದಿನ ದಿನ ಅಜ್ಜಿಯನ್ನು ರೈಲ್ವೆ ಗೇಟಿನ ಬಳಿ ಕರೆದೊಯ್ದು ಅಲ್ಲಿನ ಗಡಿಕಲ್ಲು ತೋರಿಸಿದ್ದ. ಓದು ಬಾರದ ಮರೆವ್ವ ಅದರ ಮೇಲಿನ ಕೆತ್ತನೆಯನ್ನು ಬೆರಳಿನಿಂದ ತಡವಿ ನೋಡಿದ್ದಳು. ಮೇಲೊಂದು ಬಾಣ, ಕೆಳಗೆ ಎರಡು ಇಂಗ್ಲಿಷ್ ಅಕ್ಷರ.

"ಇಂಥದ್ದೇ ಒಂದು ನಿಮ್ಮ ಕಡೆನೂ ಇರ್ಬೇಕು ಅಜ್ಜಿ. ಹಳಿಯಿಂದ ಕಲ್ಲಿನವರೆಗೆ ನಮ್ದು. ಕಲ್ಲು ದಾಟಿದ ಮೇಲೆ ಒಂದು ಇಟ್ಟಿಗೇನೂ ಮುಟ್ಟಲ್ಲ."

"ಕಲ್ಲು ಸಿಕ್ರ ನಮ್ಮ ಮನಿ ಉಳೀತಾವೇನ್ರೀ ಸಾಹೇಬ್ರ?"

"ಸಿಗ್ಲಿ, ನೋಡೋಣ." ರುದ್ರೇಶ್ ಮುಖ ಬೇರೆ ಕಡೆ ತಿರುಗಿಸಿದ್ದ.

ಗೇಟಿನ ಕಲ್ಲು ಹಳಿಗೆ ಅಂಟಿಕೊಂಡಂತೆ ಇತ್ತು. ಊರಿನದೂ ಅಷ್ಟೇ ಹತ್ತಿರವಿರಬೇಕೆಂದು ಎಲ್ಲರೂ ನಂಬಿದರು.

ಊರೆಂದರೆ ತಾತ ಮುತ್ತಾತರ ಕಾಲದ್ದೇನಲ್ಲ. ರಾಯಚೂರು ಕಡೆಯಿಂದ ಹಳಿಗೆ ಜಲ್ಲಿ ಹೊರಲು ಬಂದ ಕೂಲಿಗಳು ಎರಡು ಗುಡಿಸಲು ಹಾಕಿದ್ದರು. ಒಂದು ಮರೆವ್ವನದು. ಚೊಚ್ಚಲ ಹೆರಿಗೆಯ ನೋವಿನಲ್ಲಿ ಲಂಟಾನ ಪೊದೆಯೊಳಗೆ ಬಿದ್ದಾಗ ಅಲ್ಲಿ, ಈಗ ಊರದೇವತೆಯಾಗಿರುವ ಅಮ್ಮ, ಮಣ್ಣಿನಿಂದ ಎದ್ದು ನಿಂತಿದ್ದಳು. ಮರೆವ್ವ ಅವಳನ್ನೇ ಅಪ್ಪಿಕೊಂಡು ಹೆತ್ತಳು, ಮಗು ಬದುಕಿತು. ಅಂದಿನಿಂದ ಎಣ್ಣೆ, ಅರಿಶಿನ, ಕುಂಕುಮ. ಆಮೇಲೆ ಬೆಳ್ಳಿಯ ಕಣ್ಣು, ಮೂಗುತಿ. ಹಳೆಯ ಅರಿಶಿನ ತೊಳೆಯುವ ಪದ್ಧತಿಯಿಲ್ಲ, ವರ್ಷ ವರ್ಷವೂ ಅದರ ಮೇಲೇ ಮೆತ್ತುವುದು. ಅಮ್ಮ ಮೈ ತುಂಬಿಕೊಂಡಂತೆ ಊರೂ ತುಂಬಿತು. ಸಿಗ್ನಲ್ಲಿಗೆ ನಿಂತ ಪ್ಯಾಸೆಂಜರ್ ಗಾಡಿಯಿಂದ ಗಂಟುಮೂಟೆ ಸಮೇತ ಇಳಿದವರು ಇಲ್ಲೇ ಬೇರೂರಿದರು. ಗುಡಿಸಲು ಹೋಗಿ ಶೀಟಿನ ಮನೆ ಬಂತು, ಶೀಟು ಹೋಗಿ ತಾರಸಿ ಬಂತು, ಟೆಕ್ ಪಾರ್ಕಿನಲ್ಲಿ ಕಸ ಗುಡಿಸುವವರು ಬಾಡಿಗೆಗೆ ಬಂದರು.

ಊರಿಗೆ ಒಂದೇ ಕಟ್ಟಳೆ, ಅದೂ ಮರೆವ್ವನೇ ಹಾಕಿದ್ದು: ಅಮ್ಮನ ಬೆನ್ನ ಹಿಂದೆ ಯಾರೂ ಮನೆ ಕಟ್ಟಬಾರದು. ಅಲ್ಲಿನ ಬಂಜರಿನ ಒಡೆಯ ದೊಡ್ಡಮುನಿಯಪ್ಪ ಒಮ್ಮೆ ತಾನಾಗಿಯೇ ಕರೆದಿದ್ದ. "ಸುಮ್ಕೆ ಬಿದ್ದೈತೆ ಕಣವ್ವ, ಬಂದು ಕಟ್ಕಳ್ರಿ, ಬರ್ಕೊಡ್ತೀನಿ."

"ಅಮ್ಮನ ಕಣ್ಣು ಬೀಳದ ಕಡಿ ಬಾಳೇ ಮಾಡೂದು ಹ್ಯಾಂಗ್ರೀ?" ಎಂದು ಮರೆವ್ವ ಅವನನ್ನು ಸಾಗಹಾಕಿದ್ದಳು. ಆ ಬಂಜರು ಇಂದಿಗೂ ಖಾಲಿ.

ಹೊತ್ತು ಇಳಿಯಿತು. ಕಲ್ಲಿಲ್ಲ. ಗಂಡಸರು ಹಾರೆ ಬಿಸಾಕಿ ತಲೆಯ ಮೇಲೆ ಕೈ ಹೊತ್ತು ಕೂತರು. ರುದ್ರೇಶ್ ಟೇಪು ಸುತ್ತುತ್ತ ಮರೆವ್ವನ ಹತ್ತಿರ ಬಂದ.

"ಕಲ್ಲು ಸಿಗ್ಲಿಲ್ಲ ಅಂದ್ರೆ ಎಲ್ಲಾ ಮೊದಲಿಂದ ಅಳೀಬೇಕು, ವರ್ಷಗಟ್ಟಲೆ ಹಿಡಿಯತ್ತೆ. ಅಲ್ಲೀವರೆಗೂ ಯಾರೂ ಮನೆ ಮುಟ್ಟಲ್ಲ. ಬಿಡಿ ಅಜ್ಜಿ, ಹುಡುಕ್ಬೇಡಿ."

ವರ್ಷಗಟ್ಟಲೆ ಹೀಗೇ ಜೀವ ಕೈಯಲ್ಲಿ ಹಿಡಿದುಕೊಂಡು ಬಾಳುವುದೇ? ಮರೆವ್ವ ಊರ ಹಿಂಬದಿಯಲ್ಲಿ, ಹಳಿಗೆ ಮುಖಮಾಡಿ, ಎಲ್ಲ ಮನೆಗಳನ್ನೂ ನೋಡುತ್ತ ಕೂತ ಅಮ್ಮನ ಮುಂದೆ ಹೋಗಿ ಸೆರಗೊಡ್ಡಿ ಅತ್ತಳು.

"ಯವ್ವಾ, ಎಲ್ಲಾರೂ ಕೈ ಬಿಟ್ರು. ಆ ಕಲ್ಲೊಂದು ತೋರ್ಸು. ಎಂದೂ ಮಾಡದ ಸೇವಾ ಮಾಡ್ತೀನಿ. ನನ್ನ ಕೈಯಾರೆ ನಿನ್ನ ಮೈ ತೊಳ್ದು ಹೊಸಾ ಅರಿಶಿನ ಹಚ್ತೀನಿ."

ಹರಕೆ ತೀರಿಸಲು ಕಲ್ಲು ಸಿಗುವವರೆಗೂ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಬಿಸಿನೀರು ಕಾಸಿ ತಂದು ಸುರಿದಳು, ಉಜ್ಜಿದಳು. ಅರಿಶಿನ ಪದರ ಪದರವಾಗಿ ಕಳಚಿತು. ಬೆಳ್ಳಿಯ ಕಣ್ಣುಗಳು ಅವಳ ಮಡಿಲಿಗೆ ಬಿದ್ದವು. ಕೊನೆಯ ಪದರದಡಿ ಬೆರಳಿಗೆ ಏನೋ ತಗ್ಗು ತಾಗಿತು. ಮೇಲೊಂದು ಬಾಣ. ಕೆಳಗೆ ಎರಡು ಅಕ್ಷರ.

ಬೇಡಿದ ಕಲ್ಲು ಸಿಕ್ಕಿತ್ತು. ಅದರಾಚೆ ಒಂದೇ ಒಂದು ಮನೆಯಿರಲಿಲ್ಲ.