ಇನ್ನೊಂದು ಒಟಿಪಿ

ಮೇಜಿನ ಮೇಲಿದ್ದ ಮೊಬೈಲ್ ಟಣ್ ಅಂದಿತು. ಆದಾಯ ತೆರಿಗೆಯ ಒಟಿಪಿ! ವಿಠಲ ಭಟ್ಟರು ಕಕ್ಕಾಬಿಕ್ಕಿಯಾದರು. ಕರೆಂಟ್ ಹೋಗಿ ಕಂಪ್ಯೂಟರೇ ಸತ್ತು ಕೂತಿರುವಾಗ ಇದೆಲ್ಲಿಂದ ಬಂತು? ರಿಟರ್ನ್ಸ್ ತುಂಬುವ ಕೆಲಸ ಬೇಗ ಮುಗಿಯಲಿ ಎಂದು ಹಳೆಯ ಗಿರಾಕಿಗಳ ಖಾತೆಗೆಲ್ಲ ತಮ್ಮದೇ ನಂಬರ್ ಕೊಟ್ಟವರು ಅವರು. ಈಗ ಇದು ಯಾರದ್ದೆಂದು ಹುಡುಕುವುದು? ಕಡೆಯ ದಿನ ಬೇರೆ. ಎದುರಿನ ಬೆಂಚಿನಲ್ಲಿ ಕಾದು ಕೂತವರು ಗೊಣಗುತ್ತಿದ್ದರು.

ಅಷ್ಟರಲ್ಲಿ ಫೋನ್ ಬಂತು. ಬಂದರಿನಲ್ಲಿ ಮೀನಿನ ವ್ಯಾಪಾರ ಮಾಡುವ ಅಮ್ಮಣ್ಣಿ.

“ಭಟ್ರೇ, ಒಟಿಪಿ ಬಂತಾ?”

“ಅದು ನಿಮ್ಮದಾ? ನಾನು ನಿಮ್ಮದು ಇನ್ನೂ ಮುಟ್ಟಲೇ ಇಲ್ಲ ಅಲ್ವಾ ಅಕ್ಕ!”

“ಗೊತ್ತುಂಟು. ನಿಮಗೆ ಪುರುಸೊತ್ತಿಲ್ಲ, ಪಾಪ. ಹಾಗೆ ನಮ್ಮ ಮಗ ರಿತೇಶ ಫಳ್ನೀರಿನಲ್ಲಿ ಬೇರೆಯವರ ಹತ್ರ ಕರ್ಕೊಂಡು ಬಂದ. ಬೇಗ ಹೇಳಿ, ಇವರು ಕಾಯ್ತಾ ಇದ್ದಾರೆ.”

ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಭಟ್ಟರು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದರು.

“ಫೋನ್ ಇಡಬೇಡಿ ಮಾರಾಯ್ರೆ, ಇನ್ನೊಂದು ಬರ್ತದಂತೆ. ಅದು ನನ್ನ ಖಾತೆಯಿಂದ ನಿಮ್ಮ ನಂಬರ್ ತೆಗೀಲಿಕ್ಕೆ.”

ಕರೆಂಟ್ ಬಂತು. ಬೆಂಚಿನವರೆಲ್ಲ ಎದ್ದು ಮೇಜನ್ನು ಮುತ್ತಿಕೊಂಡರು. ಭಟ್ಟರು ಮಾತ್ರ ಮೊಬೈಲನ್ನು ಕಣ್ಣೆದುರು ಹಿಡಿದು ಆ ಇನ್ನೊಂದನ್ನೇ ಕಾಯುತ್ತಿದ್ದರು.