ಮೂರನೇ ಬಿಲ್ಲೆ

ಎಡಗಡೆಯಿಂದ ಬಂದ ರಾಕ್ಷಸ ಮತ್ತೆ ಕೋಟೆ ಒಡೆದ. ಟ್ಯಾಬ್ಲೆಟ್ಟಿನ ಪರದೆ ಕೆಂಪಗಾಗಿ ನಡುಗಿತು. ಬಸ್ ಡ್ರೈವರ್ ಬಲಗೈಯಿಂದ ಮೇಜು ಕುಟ್ಟಿ, "ಇವನು ಎಲ್ಲಿಂದ ಬರ್ತಾನೆ ಅಂತಾನೇ ಗೊತ್ತಾಗಲ್ವಲ್ಲ" ಎಂದ.

"ಎಡಗಡೆಯಿಂದ" ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ.

"ಎಡಗಡೆ ಯಾರೂ ಇಲ್ಲ ಕಣೇ. ನೋಡಿದೆ."

"ನಾನೇ ಇದ್ದೀನಲ್ರೀ."

"ನೀನು ಅಡುಗೆಮನೇಲಿದ್ದೀಯ. ಅಲ್ಲಿಂದಾನೇ ನನಗೆ ಆಟ ಹೇಳಿಕೊಡಬೇಡ."

ಅಡುಗೆಮನೆ ಇದ್ದದ್ದು ಬಲಕ್ಕೆ. ಅವಳು ಕೂತಿದ್ದದ್ದು ಅವನ ಎಡ ಮೊಣಕೈಗೆ ಒತ್ತಿಕೊಂಡು.

ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ ದಿನದಿಂದ ಎಡಗಡೆ ಎನ್ನುವ ರಾಜ್ಯವೇ ಅವನ ಪಾಲಿಗೆ ಏಳು ಕಡಲಿನಾಚೆ ಹೋಗಿಬಿಟ್ಟಿತ್ತು. ಕಣ್ಣಿಗೇನೂ ಆಗಿಲ್ಲ, ಮನಸ್ಸು ಆ ಕಡೆಯನ್ನು ಮರೆತಿದೆ ಎಂದಿದ್ದಳು ಚಿಕಿತ್ಸೆ ಕೊಡಲು ಮನೆಗೆ ಬರುವ ಹುಡುಗಿ. ಅರ್ಧ ಗಡ್ಡ ಬೋಳಿಸಿಕೊಂಡು ಮದುಮಗನ ಗತ್ತಿನಲ್ಲಿ ಬಚ್ಚಲಿಂದ ಬರುತ್ತಿದ್ದ. ತಟ್ಟೆಯ ಅರ್ಧ ಉಂಡು, ಇವತ್ತೂ ಕೈ ಬಿಗಿ ಹಿಡಿದೆಯಾ ಎಂದು ಹೆಂಡತಿಯನ್ನು ಛೇಡಿಸುತ್ತಿದ್ದ. ಊರನ್ನೆಲ್ಲ ಬಸ್ಸಿನಲ್ಲಿ ಸುತ್ತಿಸಿದವನು ಸ್ವಂತ ಮನೆಯ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿದ್ದ. ತಟ್ಟೆ ತಿರುಗಿಸಿ ಕೊಡಬೇಡಿ, ನೀವೂ ಬಲಕ್ಕೆ ಹೋಗಿ ನಿಲ್ಲಬೇಡಿ, ಅವರಾಗಿಯೇ ಕತ್ತು ತಿರುಗಿಸುವವರೆಗೆ ಒಬ್ಬರನ್ನೇ ಬೀದಿಗೆ ಬಿಡುವಂತಿಲ್ಲ ಎಂದು ಕಟ್ಟಪ್ಪಣೆ ಮಾಡಿ, ಹುಡುಗಿ ಈ ಆಟವನ್ನು ಕೊಟ್ಟುಹೋಗಿದ್ದಳು.

ಒಂದೇ ಬಣ್ಣದ ಮೂರು ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದರೆ ಅವು ಸಿಡಿದು ಗುಂಡುಗಳಾಗುತ್ತವೆ. ಎರಡೂ ದಿಕ್ಕಿನಿಂದ ಹಾರಿಬರುವ ರಾಕ್ಷಸರು ಕೋಟೆ ಮುಟ್ಟುವ ಮೊದಲು ಆ ಗುಂಡು ಹಾರಿಸಬೇಕು. ಬಲಗಡೆ ಅವನು ಒಂದು ನೊಣಕ್ಕೂ ದಾರಿ ಬಿಡುತ್ತಿರಲಿಲ್ಲ. ಎಡಗಡೆಯಿಂದ ಮಾತ್ರ ರಾಕ್ಷಸರು ಮಾವನ ಮನೆಗೆ ಬಂದಂತೆ ಬರುತ್ತಿದ್ದರು.

ಇನ್ನೊಂದಾಟ ಶುರುವಾಯಿತು. ಈ ಸಲ ಬಲಗಡೆ ಎರಡು ಕೆಂಪು ಬಿಲ್ಲೆಗಳು ಉಳಿದವು. ಮೂರನೆಯದಿಲ್ಲ. ಗುಂಡು ಖಾಲಿ. ಅವನು ಬಲಗಡೆಯನ್ನೆಲ್ಲ ಜಾಲಾಡಿದ, ಮತ್ತೆ ಜಾಲಾಡಿದ. "ಎರಡಿದ್ದ ಮೇಲೆ ಇನ್ನೊಂದು ಇರಲೇಬೇಕು" ಎಂದು ತನ್ನಷ್ಟಕ್ಕೆ ಗೊಣಗಿದ. ನಾಲಗೆಯ ತುದಿಗೆ ಬಂದ ಮಾತನ್ನು ಅವಳು ತುಟಿ ಕಚ್ಚಿ ತಡೆದಳು.

ಕತ್ತಲೆಯಲ್ಲಿ ಗೋಡೆ ತಡವಿಕೊಂಡು ಹೋಗುವವರಂತೆ ಅವನ ಬೆರಳು ಬಿಲ್ಲೆಯಿಂದ ಬಿಲ್ಲೆಗೆ ಎಡಕ್ಕೆ ಸರಿಯತೊಡಗಿತು. ಬೆರಳಿನ ಹಿಂದೆ ಕಣ್ಣು. ಕಣ್ಣಿನ ಹಿಂದೆ ಕತ್ತು. ಕೋರೆಹಲ್ಲಿನವರು ಎಷ್ಟು ಅಬ್ಬರಿಸಿದರೂ ಹೊರಳದಿದ್ದ ಕತ್ತು, ಒಂದು ಬಿಲ್ಲೆ ಕಡಿಮೆ ಬಿತ್ತೆಂದು ಹೊರಳುತ್ತಿತ್ತು. ಉಸಿರು ಬಿಟ್ಟರೆ ಎಲ್ಲಿ ಮಂತ್ರ ಮುರಿದೀತೋ ಎಂದು ಅವಳು ಉಸಿರು ಬಿಗಿಹಿಡಿದಳು.

ಎಡಮೂಲೆಯಲ್ಲಿ ಅವಿತಿದ್ದ ಕೆಂಪು ಬಿಲ್ಲೆ ಸಿಕ್ಕಿತು. ಎಳೆದು ಜೋಡಿಸಿದ. ಎಡಗಡೆಯ ರಾಕ್ಷಸನ ಮುಖವನ್ನು ಮೊಟ್ಟಮೊದಲ ಸಲ ಕಂಡ, ಹೊಡೆದುರುಳಿಸಿದ. ಕತ್ತು ಅಲ್ಲಿಗೂ ನಿಲ್ಲಲಿಲ್ಲ. ಪರದೆಯ ಅಂಚು ದಾಟಿತು, ಮೇಜು ದಾಟಿತು, ಅವಳ ಕೈ, ಅವಳ ಹೆಗಲು, ಅವಳ ಮುಖ. ಅಲ್ಲಿ ತುಸು ತಂಗಿತು.

"ಓ, ಇಲ್ಲಿದ್ದೀಯಾ" ಎಂದ, ದೂರದ ಪ್ರಯಾಣ ಮುಗಿಸಿ ಬಂದವಳನ್ನು ಮಾತಾಡಿಸುವಂತೆ.

ಅವಳ ಹೆಗಲಿನಾಚೆ ಬಿಸಿಲು ತುಂಬಿದ ಬೀದಿ, ಹಗ್ಗದ ಮೇಲೆ ಗಾಳಿ ತುಂಬಿಕೊಂಡ ಯಾರದೋ ಅಂಗಿ, ಅದರ ಮೇಲೆ ಒಂದಿಷ್ಟು ಆಕಾಶ. ಅವನು ತೆರೆದ ಬಾಯಿ ತೆರೆದಂತೆಯೇ ನೋಡುತ್ತ ಕೂತ. ಟ್ಯಾಬ್ಲೆಟ್ಟಿನಲ್ಲಿ ಕೋಟೆ ಬಿದ್ದ ಸದ್ದು ಇಬ್ಬರ ಕಿವಿಗೂ ಬೀಳಲಿಲ್ಲ.

"ಇಲ್ಲಿ ಕಿಟಕಿ ಯಾವಾಗ ಇಡಿಸಿದೆ?" ಎಂದು ಕೇಳಿದ.

"ಈಗ ತಾನೇ" ಎಂದಳು ಅವಳು.