ಮೊದಲು ತೋರಿಸಿದ ಕೋಣೆ

ಬಾಗಿಲು ಅರ್ಧ ತೆರೆಯುವಷ್ಟರಲ್ಲಿಯೇ ನಾತವು ಹೊಸ್ತಿಲು ದಾಟಿ ಬಂದು ಇಬ್ಬರ ಮೂಗಿಗೂ ಬಡಿಯಿತು. ತಾಯಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಮಗಳು ಕೈಯಲ್ಲಿದ್ದ ಪೆಟ್ಟಿಗೆಯನ್ನು ಆ ನೆಲದ ಮೇಲೆ ಇಡಲು ಮನಸ್ಸಾಗದೆ ಎತ್ತಿಕೊಂಡೇ ನಿಂತಳು. ದಲ್ಲಾಳಿಯೊಬ್ಬನೇ ಮಾವನ ಮನೆಗೆ ಬಂದವನಂತೆ ಸಲೀಸಾಗಿ ಒಳಗೆ ನಡೆದ.

"ಬನ್ನಿ ಮೇಡಂ, ಒಳಗೆ ಬಂದು ನೋಡಿ. ಯೂನಿವರ್ಸಿಟಿಗೆ ನಡ್ಕೊಂಡೇ ಹೋಗಬಹುದು. ಬಾಡಿಗೇನೂ ಕಮ್ಮಿ."

ಮಗಳಿಗೆ ಎಂ.ಎ. ತರಗತಿಯಲ್ಲಿ ಸೀಟು ದೊರೆತಿತ್ತು, ಸೂರು ದೊರೆತಿರಲಿಲ್ಲ. ಹಾಸ್ಟೆಲು ಭರ್ತಿಯಾಗಿತ್ತು. ನಾಳೆ ಬೆಳಗ್ಗೆ ಪಾಠಗಳು ಆರಂಭ. ತಾಯಿ ಶಾಲೆಯ ಮೇಡಮ್ಮು; ಅಲ್ಲಿ ಪರೀಕ್ಷೆ ನಡೆಯುತ್ತಿದ್ದುದರಿಂದ ಇಂದು ಸಂಜೆಯ ರೈಲಿಗೆ ಅವಳು ಹಿಂದಿರುಗಲೇಬೇಕು. ಅಷ್ಟರೊಳಗೆ ಕೋಣೆ ಸಿಗದಿದ್ದರೆ ಓದು ಸಾಕು, ಮಗಳನ್ನೂ ಕರೆದುಕೊಂಡೇ ಬಾ ಎಂದು ತಂದೆ ಖಂಡಿತವಾಗಿ ಹೇಳಿ ಕಳುಹಿಸಿದ್ದ.

ಗೋಡೆಗೆ ಹಸಿರು ಬೂಸಲು. ತಟ್ಟೆಯಲ್ಲಿ ಹಳಸಿ ನೊರೆಯೆದ್ದ ಎಂಜಲು. ಬಕೆಟ್ಟಿನಲ್ಲಿ ಜಿಡ್ಡುಗಟ್ಟಿದ ನೀರು, ಅದರ ಮೇಲೆ ತೇಲುವ ಕೂದಲಿನ ಉಂಡೆ. ಹಲ್ಲುಜ್ಜುವ ಬ್ರಷ್ಷಿನ ಮೇಲೆ ಜಿರಳೆಯೊಂದು ಮೀಸೆ ತಿರುವುತ್ತ ಕುಳಿತಿತ್ತು. ಗಾಳಿ ಆಡದಂತೆ ಕಿಟಕಿಗೆ ಯಾರೋ ರಟ್ಟು ಬಡಿದಿದ್ದರು. ಮೂಲೆಯಲ್ಲಿ ಕೊಳೆಬಟ್ಟೆಯ ರಾಶಿ. ಅದರ ಹಿಂದೆ ಬೀಗ ಹಾಕಿದ ಇನ್ನೊಂದು ಬಾಗಿಲು.

"ಅದರೊಳಗೆ ಏನಿದೆ?" ಎಂದಳು ತಾಯಿ.

"ಓನರ್ ಸಾಮಾನು ಮೇಡಂ. ಅದು ಬಾಡಿಗೆಗಿಲ್ಲ."

ಚಾಪೆಯ ಮೇಲೆ ಹುಡುಗಿಯೊಬ್ಬಳು ಬಿದ್ದುಕೊಂಡಿದ್ದಳು. ಹಿರಿಯರು ಬಂದರೆಂದು ಏಳಲಿಲ್ಲ. ಕಾಲು ಕೆರೆದುಕೊಂಡಳು, ಕಡಲೆಕಾಯಿ ಸಿಪ್ಪೆಯನ್ನು ಗೋಡೆಯತ್ತ ಉಗುಳಿದಳು.

"ಇವರೂ ಅಲ್ಲೇ ಓದೋದು," ಎಂದ ದಲ್ಲಾಳಿ. "ನಿಮ್ಮ ಹುಡುಗಿಗೆ ಜೊತೆ ಆಗುತ್ತೆ."

ಮಕ್ಕಳಿಗೆ ಆರೋಗ್ಯದ ಪಾಠ ಹೇಳಿ ಹೇಳಿ ತಲೆ ನರೆತವಳಿಗೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ. "ಅಲ್ಲಮ್ಮಾ, ಎಂ.ಎ. ಓದ್ತೀಯ. ಒಂದು ಪೊರಕೆ ಹಿಡಿಯೋಕೆ ಬರಲ್ವಾ ನಿನಗೆ?"

"ಗುಡಿಸಿದ್ರೆ ನನ್ನನ್ನ ಇಲ್ಲಿಂದ ಓಡಿಸಿಬಿಡ್ತಾರೆ, ಆಂಟಿ." ಹುಡುಗಿ ಆಕಳಿಸಿದಳು.

"ನಾಲಿಗೆ ನೋಡು! ಹಂದಿಗೂ ಒಂದು ಮಾನ ಅಂತ ಇರುತ್ತೆ."

"ಹಂದಿಗೆ ಬಾಡಿಗೆ ಇರಲ್ಲ, ಆಂಟಿ."

ಕೆರೆಯುತ್ತಿದ್ದ ಆ ಕೈಯ ಉಗುರುಗಳು ಮಾತ್ರ ಒಪ್ಪವಾಗಿ ಕತ್ತರಿಸಿದಂತಿದ್ದುವು. ಅದರ ಬಗೆಗೆ ಯೋಚಿಸಲು ಮಗಳಿಗೆ ವ್ಯವಧಾನವಿರಲಿಲ್ಲ. ದಲ್ಲಾಳಿ ಬಚ್ಚಲಿನ ಬಾಗಿಲನ್ನು ತಾನಾಗಿಯೇ ತೆರೆದು ತೋರಿಸಿದ. ಇಣುಕಿದ ಮಗಳು ಬೀದಿಗೆ ಓಡಿ ಚರಂಡಿಗೆ ವಾಂತಿ ಮಾಡಿಕೊಂಡಳು.

ನೀರಿನ ಬಾಟಲಿಯನ್ನು ದಲ್ಲಾಳಿಯೇ ತಂದುಕೊಟ್ಟ. ಪಾಪ, ಅವನ ಮುಖ ಬಾಡಿಹೋಗಿತ್ತು. "ಇನ್ನೊಂದಿದೆ ಮೇಡಂ. ಸ್ವಲ್ಪ ದೂರ, ಬಾಡಿಗೆ ಸ್ವಲ್ಪ ಜಾಸ್ತಿ. ಆದ್ರೆ ಓನರಮ್ಮ ಮಡಿ ಅಂದ್ರೆ ಮಡಿ."

ಎರಡು ಬಸ್ಸು ಬದಲಿಸಬೇಕಾಯಿತು. ಎರಡರಲ್ಲೂ ಕಾಲೂರಲು ಜಾಗವಿರಲಿಲ್ಲ; ಯಾರದೋ ಬೆವರಿನ ಕಂಕುಳು ದಾರಿಯುದ್ದಕ್ಕೂ ಮಗಳ ಕೆನ್ನೆಗೆ ಒರಗಿತ್ತು.

ಮನೆ ತೊಳೆದಿಟ್ಟಂತಿತ್ತು. ಕೋಣೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ತಾಗುತ್ತಿತ್ತು. ಬಚ್ಚಲು ಎಲ್ಲರಿಗೂ ಒಂದೇ. ನೀರು ಮುಂಜಾನೆ ಮಾತ್ರ. ಅಡುಗೆ ಮಾಡುವಂತಿಲ್ಲ. ಕತ್ತಲಾದರೆ ಗೇಟಿಗೆ ಬೀಗ. ಬಾಡಿಗೆಯೋ, ತಾಯಿ ಮನಸ್ಸಿನಲ್ಲಿಟ್ಟುಕೊಂಡು ಬಂದದ್ದನ್ನು ಎಷ್ಟೋ ಮೀರಿತ್ತು. ತರಕಾರಿಯವನೊಡನೆ ಒಂದು ಹಿಡಿ ಸೊಪ್ಪಿಗೆ ಬೀದಿಯೇ ಸೇರುವಂತೆ ಜಗಳವಾಡುವ ಹೆಂಗಸು ಅವಳು. ಈಗ ಹಾಸಿಗೆಯ ಮೇಲೆ ಅಂಗೈಯಾಡಿಸಿ, ಅಂಗೈಯನ್ನು ಮೂಸಿ ನೋಡಿ, ಕಣ್ಣು ತುಂಬಿಕೊಂಡಳು.

"ಯೋಚನೆ ಮಾಡಿ ಹೇಳಿ. ನನಗೇನೂ ಅವಸರ ಇಲ್ಲ," ಎಂದಳು ಮನೆಯೊಡತಿ.

"ಯೋಚನೆ ಏನು ಬಂತು! ದೇವರು ಸಿಕ್ಕ ಹಾಗೆ ಸಿಕ್ಕಿದ್ರಿ."

ವರ್ಷ ತುಂಬುವವರೆಗೆ ಬಿಡುವಂತಿಲ್ಲವೆಂಬ ಮಾತಿಗೂ ತಾಯಿ ತಲೆಯಾಡಿಸಿದಳು. ಒಳಗಿನಿಂದ ದಲ್ಲಾಳಿಗೂ ಒಂದು ಲೋಟ ಕಾಫಿ ಬಂತು.

ರೈಲು ಹೊರಡುವ ಮುನ್ನ ಕಿಟಕಿಯಿಂದ ತಲೆ ಹೊರಹಾಕಿ ತಾಯಿ ಹೇಳಿದಳು: "ಆ ಕೊಳಕಿಯನ್ನ ನೆನೆಸ್ಕೊಂಡ್ರೆ ಈಗಲೂ ಸ್ನಾನ ಮಾಡೋಣ ಅನ್ಸುತ್ತೆ ಕಣೇ. ಅಂಥವಳ ನೆರಳೂ ನಿನಗೆ ಸೋಕಬಾರದು."

ಮರುದಿನ ಎರಡನೆಯ ಬಸ್ಸು ತಪ್ಪಿತು. ಮಗಳು ಏದುಸಿರು ಬಿಡುತ್ತ, ಎರಡೂ ವರ್ಷದವರಿಗೆ ಒಟ್ಟಿಗೆ ನಡೆಯುವ ತರಗತಿ ಸೇರಿದಾಗ ಉಳಿದಿದ್ದುದು ಕೊನೆಯ ಬೆಂಚು ಮಾತ್ರ. ಪಕ್ಕದಲ್ಲಿ ಕುಳಿತಿದ್ದವಳ ಬಟ್ಟೆಯಲ್ಲಿ ಇಸ್ತ್ರಿಯ ಗೆರೆ ಇನ್ನೂ ಬಿಸಿಯಾಗಿರುವಂತಿತ್ತು. ಸೋಪಿನ ತಿಳಿಯಾದ ಪರಿಮಳ. ಮುಖ ನೋಡಿದೊಡನೆ ಮಗಳು ಬೆಂಚಿನ ತುದಿಗೆ ಜರುಗಿದಳು.

"ಜರುಗಬೇಡ ಕಣೇ, ಬಿದ್ದುಹೋಗ್ತೀಯ. ಸ್ನಾನ ಮಾಡಿದೀನಿ," ಎಂದಳು ಚಾಪೆಯ ಹುಡುಗಿ. "ಓನರಮ್ಮನ ಮನೇಲಿ ಗೋಡೆ ಕಡೆ ಕಿಟಕಿ ಇರೋ ರೂಮು ತಾನೇ?"

"ನಿಮಗೆ ಹೇಗೆ ಗೊತ್ತು, ಅಕ್ಕಾ?"

"ಹೋದ ವರ್ಷ ಅದರಲ್ಲಿ ನಾನೇ ಇದ್ದೆ. ನಾನೂ ಅದೇ ಚರಂಡಿಗೆ ವಾಂತಿ ಮಾಡಿ ಬಂದವಳೇ. ಎರಡು ಮನೇನೂ ಓನರಮ್ಮಂದೇ ಕಣೇ. ಮೊದಲು ಅದನ್ನ ತೋರಿಸೋದು, ಆಮೇಲೆ ಇದನ್ನ. ವಾಂತಿ ಮಾಡಿದವರು ಚೌಕಾಸಿ ಮಾಡಲ್ಲ."

ಮಗಳು ಬೆಂಚಿನ ತುದಿಯಿಂದ ಈಚೆಗೆ ಸರಿದಳು. "ಮತ್ತೆ ನೀವು... ಆ ಹೊಲಸಿನಲ್ಲಿ..."

"ಬೀಗದ ಹಿಂದೆ ನನ್ನ ರೂಮಿದೆ, ಕನ್ನಡಿ ಥರ ಇಟ್ಕೊಂಡಿದೀನಿ. ಬ್ರೋಕರ್ ಫೋನು ಬಂದಾಗ ಮಾತ್ರ ಹೊರಗೆ ಬಂದು ಮಲಗೋದು. ಬಾಡಿಗೆ ಕಟ್ಟೋಕಾಗದೆ ಅತ್ತಾಗ ಓನರಮ್ಮನೇ ಕೊಟ್ಟ ಕೆಲಸ, ಈಗ ಬಾಡಿಗೆ ಇಲ್ಲ."

ಮೇಷ್ಟರು ಒಳಗೆ ಬಂದರು. ಎಲ್ಲರೂ ಎದ್ದು ನಿಂತರು. ಆ ಸದ್ದಿನ ಮರೆಯಲ್ಲಿ ಅವಳು ಮಗಳ ಕಿವಿಯ ಬಳಿಗೆ ಬಾಗಿದಳು.

"ನನ್ನ ಓದು ಈ ವರ್ಷಕ್ಕೆ ಮುಗಿಯುತ್ತೆ, ಮುಂದಕ್ಕೆ ಅಲ್ಲಿ ಮಲಗೋಕೆ ಒಬ್ಬಳು ಬೇಕಂತೆ, ನಿನ್ನ ಹೆಸರು ಹೇಳಲಾ?"